ಕೃಷ್ಣವೇಣಿಯ ಒಂಬತ್ತು ಪ್ರಶ್ನೆಗಳು

2019ರ ಜೂನ್, ಶಾಲೆ ಶುರುವಾದ ವಾರ. ಕಾಸರಗೋಡಿನ ಮಳೆ ಗೊತ್ತಲ್ಲ, ಕೊಡೆ ಒಣಗಿಸಲೂ ಜಾಗವಿಲ್ಲ. ಐದನೇ ತರಗತಿಯ ಬಾಗಿಲಿಗೆ ಮಕ್ಕಳ ಪಟ್ಟಿ ಅಂಟಿಸಿದ್ದೆವು. ನಮ್ಮ ಹಳೆ ವಿದ್ಯಾರ್ಥಿಯೊಬ್ಬ ಪಿಎಚ್‌ಪಿಯಲ್ಲಿ ಬರೆದುಕೊಟ್ಟ ಸಣ್ಣ ಪ್ರೋಗ್ರಾಮಿನಿಂದ ತೆಗೆದ ಪ್ರಿಂಟು ಅದು. ಗಡಿಬಿಡಿಯಲ್ಲಿ ನೋಡದೆ ಅಂಟಿಸಿದ್ದು ನಮ್ಮದೇ ತಪ್ಪು. ಕ್ರಮಸಂಖ್ಯೆ ಇತ್ತು, ಹುಟ್ಟಿದ ದಿನಾಂಕ ಇತ್ತು, ಹೆಸರಿನ ಜಾಗದಲ್ಲಿ ಮಾತ್ರ ಉದ್ದಕ್ಕೂ ಪ್ರಶ್ನಾರ್ಥಕ ಚಿಹ್ನೆಗಳು.

ಕೃಷ್ಣವೇಣಿ (ನಿಜವಾದ ಹೆಸರು ಬೇರೆ, ಲೆಕ್ಕ ಅಂಥದೇ) ಹುಟ್ಟಿದ ದಿನ ನೋಡಿ ತನ್ನ ಸಾಲು ಹುಡುಕಿಕೊಂಡಳು. ಆಮೇಲೆ ಬಂದು ಕೇಳಿದಳು: “ಟೀಚರೇ, ನನ್ನ ಹೆಸರಲ್ಲಿ ಇರುವುದು ನಾಲ್ಕಕ್ಷರ. ಇಲ್ಲಿ ಒಂಬತ್ತು ಪ್ರಶ್ನೆ ಉಂಟಲ್ಲ, ಯಾಕೆ?”

ಸ್ಟಾಫ್ ರೂಮಿನಲ್ಲಿ ಆಗಲೇ ತೀರ್ಮಾನವಾಗಿತ್ತು. “ಕಂಪ್ಯೂಟರಿಗೆ ಕನ್ನಡ ಸರಿ ಬರುವುದಿಲ್ಲ. ಎಲ್ಲ ಇಂಗ್ಲಿಷಿನಲ್ಲಿ ಹಾಕಿಬಿಡಿ, ತಲೆಬಿಸಿ ಇಲ್ಲ.” ಈ ಮಾತನ್ನು ನಾವು ಗಡಿನಾಡಿನ ಎಷ್ಟೋ ಶಾಲೆಗಳಲ್ಲಿ ಕೇಳಿದ್ದೇವೆ, ಕೆಲವು ಸಲ ನಾವೇ ಆಡಿದ್ದೇವೆ. ಅದು ಸುಳ್ಳು ಎಂದು ಹೇಳುವುದಕ್ಕಾಗಿಯೇ ಈ ಬರಹ. ಕನ್ನಡ ಬಿಡುವುದಕ್ಕೆ ಇದುವರೆಗೆ ನಮಗೆ ಸಿಕ್ಕಿದ ತಾಂತ್ರಿಕ ಕಾರಣಗಳೆಲ್ಲ ಒಂದೋ ಎರಡೋ ಸಾಲಿನಲ್ಲಿ ಸರಿಯಾಗುವಂಥವು.

ಮೊದಲು ಹುಡುಗಿಯ ಪ್ರಶ್ನೆ. ನಮ್ಮ ಕಣ್ಣಿಗೆ ಕೃ, ಷ್ಣ, ವೇ, ಣಿ ಎಂದು ನಾಲ್ಕು. ಯುನಿಕೋಡ್ ಇದನ್ನು ಬಿಡಿಬಿಡಿಯಾಗಿ ಇಡುತ್ತದೆ: ಕ, ವಟ್ರಸುಳಿ, ಷ, ವಿರಾಮ, ಣ, ವ, ಏತ್ವದ ಚಿಹ್ನೆ, ಣ, ಗುಡಿಸು. ಒಟ್ಟು 9. ಒಂದೊಂದಕ್ಕೂ ಯುಟಿಎಫ್-8ರಲ್ಲಿ 3 ಬೈಟ್, ಅಂದರೆ 27 ಬೈಟ್. ಪಿಎಚ್‌ಪಿಯ ಸ್ಟ್ರ್‌ಲೆನ್ ಎಣಿಸುವುದು ಈ 27ನ್ನು. 9 ಬೇಕಾದರೆ ಎಂಬಿ-ಸ್ಟ್ರ್‌ಲೆನ್ ಬಳಸಬೇಕು. (ಒಳಗಿಂದಲೇ ಯುನಿಕೋಡ್ ಆಗಿರುವ ಪಿಎಚ್‌ಪಿ 6 ತರಲು ಹೊರಟವರು 2010ರಲ್ಲಿ ಅದನ್ನು ಕೈಬಿಟ್ಟರು. 5ರ ಸರಣಿಯ ನಂತರ ನೇರ 7ಕ್ಕೆ ಹಾರಿದ್ದರ ಹಿಂದೆ ಈ ಕಥೆ ಇದೆ.) ಹಳೆಯ ಪ್ರೋಗ್ರಾಮುಗಳಲ್ಲಿ ಹೆಸರಿನ ಕಾಲಂ ಲ್ಯಾಟಿನ್1 ಆಗಿದ್ದು 20ರ ಮಿತಿ ಹಾಕಿದ್ದರೆ, ಈ ಮಗುವಿನ ಹೆಸರು ‘ಕೃಷ್ಣವ’ಕ್ಕೆ ಬಂದು ಮುರಿಯುತ್ತಿತ್ತು. ‘ರಮ’ನಿಗೆ ಏನೂ ಆಗುತ್ತಿರಲಿಲ್ಲ. ಹಾಗಾಗಿ ರಮ, ಕಮಲ ಎಂದು ಟೈಪ್ ಮಾಡಿ “ಕನ್ನಡ ಬರುತ್ತದೆ” ಎಂದವರ ಪರೀಕ್ಷೆಯನ್ನು ನಾವು ಈಗ ನಂಬುವುದಿಲ್ಲ.

ಚಿಹ್ನೆಗಳು ಬಂದದ್ದು ಹೇಗೆ? ರಜೆಯಲ್ಲಿ ಪ್ರೋಗ್ರಾಮು ಬೇರೆ ಸರ್ವರಿಗೆ ಹೋಗಿತ್ತು. ಅಲ್ಲಿ ಪಿಎಚ್‌ಪಿ 7. 2015ರ ಡಿಸೆಂಬರಿನಲ್ಲಿ ಬಂದ ಆ ಆವೃತ್ತಿಯಲ್ಲಿ ಹಳೆಯ ಮೈಎಸ್‌ಕ್ಯೂಎಲ್ ಫಂಕ್ಷನ್‌ಗಳನ್ನು ಪೂರ್ತಿ ತೆಗೆದುಹಾಕಿದ್ದರು. ನಮ್ಮ ಹುಡುಗ ಅವನ್ನೆಲ್ಲ ಮೈಎಸ್‌ಕ್ಯೂಎಲ್‌ಐಗೆ ಬದಲಾಯಿಸುವಾಗ ಒಂದು ಸಾಲು ಮರೆತ. ಹೆಸರು ನಾಲ್ಕು ಕಡೆ ದಾಟುತ್ತದೆ: ಬ್ರೌಸರ್, ಪಿಎಚ್‌ಪಿ, ಡೇಟಾಬೇಸಿಗೆ ಹೋಗುವ ಸಂಪರ್ಕ, ಕೊನೆಗೆ ಟೇಬಲ್. ಮೂರು ಕಡೆ ಯುಟಿಎಫ್-8 ಸರಿಯಾಗಿಯೇ ಇತ್ತು. ನಡುವಿನ ಸಂಪರ್ಕ ಮಾತ್ರ ಆ ಸರ್ವರಿನ ರೂಢಿಯಂತೆ ಲ್ಯಾಟಿನ್1 ಆಗಿ ಕೂತಿತ್ತು. ಲ್ಯಾಟಿನ್1ರಲ್ಲಿ ಕನ್ನಡಕ್ಕೆ ಜಾಗವಿಲ್ಲ. ಡೇಟಾಬೇಸು ಗೊತ್ತಿಲ್ಲದ ಒಂದೊಂದು ಸಂಕೇತಕ್ಕೂ ಒಂದೊಂದು ಪ್ರಶ್ನೆ ಹಾಕಿ ಕಳಿಸಿತು. ಒಂಬತ್ತಕ್ಕೆ ಒಂಬತ್ತು. ಸಂಪರ್ಕ ತೆರೆದ ಕೂಡಲೇ ಸೆಟ್-ಚಾರ್‌ಸೆಟ್ ಎಂಬ ಆದೇಶದಲ್ಲಿ ಯುಟಿಎಫ್8ಎಂಬಿ4 ಎಂದು ಹೇಳುವ ಒಂದು ಸಾಲು ಸೇರಿಸಿದೆವು, ಹೆಸರುಗಳು ಬಂದವು.

ಎಲ್ಲ ಬರಲಿಲ್ಲ. ಇಲ್ಲಿಯೇ ನಮಗೆ ಪಾಠವಾದದ್ದು. ಪಟ್ಟಿ ಕೆಟ್ಟದ್ದನ್ನು ಕಂಡು ನಮ್ಮಲ್ಲೇ ಒಬ್ಬರು ಕೆಲವು ಮಕ್ಕಳ ವಿವರ ತೆರೆದು, ವಿಳಾಸ ತಿದ್ದಿ, ಸೇವ್ ಒತ್ತಿದ್ದರು. ಆ ಫಾರ್ಮಿನಲ್ಲಿ ಹೆಸರಿನ ಜಾಗದಲ್ಲಿದ್ದ ಪ್ರಶ್ನೆಗಳೂ ಅದರೊಟ್ಟಿಗೆ ಸೇವ್ ಆದವು. ಈಗ ಅವು ಕಾಣುವ ದೋಷವಲ್ಲ, ಟೇಬಲಿನೊಳಗೆ ಹೆಸರೇ ಅದು. ಆ ಮಕ್ಕಳ ಹೆಸರನ್ನು ಅಡ್ಮಿಶನ್ ರಿಜಿಸ್ಟರ್ ತೆಗೆದು, ಹಳೆಯ ಹೆಡ್ಮಾಷ್ಟ್ರ ದುಂಡಕ್ಷರ ನೋಡಿ, ಮತ್ತೆ ಟೈಪ್ ಮಾಡಿದೆವು. ಹಾಗಾಗಿ ಒಂದು ವಿಷಯ ಎಲ್ಲರಿಗೂ ಹೇಳುತ್ತೇವೆ: ತಲೆಯ ಮೇಲೆ ಗೀರು ಹೊತ್ತ ಇಂಗ್ಲಿಷ್ ‘ಎ’, ಪಕ್ಕದಲ್ಲಿ ಪುಟ್ಟ 2, ಹೀಗೆ ಚಿತ್ರವಿಚಿತ್ರ ಕಂಡರೆ ಸಾಮಾನ್ಯವಾಗಿ ಹೆದರಬೇಕಾಗಿಲ್ಲ. ಬೈಟುಗಳು ಹಾಗೇ ಇವೆ, ಓದುವ ಕ್ರಮ ತಪ್ಪಿದೆ ಅಷ್ಟೆ. ಪ್ರಶ್ನೆಗಳು ಕಂಡರೆ ಏನೂ ಮುಟ್ಟದೆ, ಸೇವ್ ಒತ್ತದೆ, ಬರೆದವರನ್ನು ಕರೆಯಿರಿ.

ಇನ್ನೊಂದು ಕಿರಿಕಿರಿ ನಮಗೆ ಇದಕ್ಕಿಂತ ಹೆಚ್ಚು ಸಿಟ್ಟು ತರಿಸುತ್ತದೆ. ಕನ್ನಡದಲ್ಲಿ ಹೆಸರು ಬರೆದರೆ “ಸರಿಯಾದ ಹೆಸರು ನಮೂದಿಸಿ” ಎನ್ನುವ ಫಾರ್ಮುಗಳು. ಸರಿಯಾದ ಹೆಸರೇ ಅದು ಮಾರಾಯ್ರೆ! ಬರೆದವರು ಇಂಗ್ಲಿಷಿನ 26 ಅಕ್ಷರ ಮಾತ್ರ ಒಪ್ಪುವ ನಿಯಮವನ್ನು ಎಲ್ಲಿಂದಲೋ ಎತ್ತಿ ಅಂಟಿಸಿರುತ್ತಾರೆ. ಸ್ವಲ್ಪ ತಿಳಿದವರು “ಯಾವ ಭಾಷೆಯ ಅಕ್ಷರವೂ ಆದೀತು” ಎಂದು ತಿದ್ದುತ್ತಾರೆ, ಆಗಲೂ ಕೃಷ್ಣವೇಣಿ ಹೊರಗೇ. ಅವಳ ಒಂಬತ್ತರಲ್ಲಿ ಯುನಿಕೋಡಿನ ಲೆಕ್ಕಕ್ಕೆ ಅಕ್ಷರಗಳು 5, ಉಳಿದ 4 ‘ಚಿಹ್ನೆ’ಗಳ ವರ್ಗ. ಎರಡೂ ವರ್ಗ ಒಪ್ಪಬೇಕು, ಯುನಿಕೋಡಿನಲ್ಲಿ ಓದು ಎಂದೂ ಹೇಳಬೇಕು. ಅಷ್ಟು ಮಾಡಿದರೂ ‘ರಾಜ್‌ಕುಮಾರ್’ ಸಿಕ್ಕಿಬೀಳುತ್ತಾನೆ, ಏಕೆಂದರೆ ಜ್ ಮತ್ತು ಕು ಕೂಡಿ ಒತ್ತಾಗದಂತೆ ತಡೆಯುವ ಕಾಣದ ಸಂಕೇತವೊಂದು ನಡುವೆ ಇದೆ. ಅದನ್ನೂ ಸೇರಿಸಿ. ಇಷ್ಟೆಲ್ಲ ಯಾಕೆ, ಹೆಸರು ಖಾಲಿ ಇದೆಯೇ, ಅತಿ ಉದ್ದವೇ ಎಂದು ನೋಡಿ ಬಿಟ್ಟರೆ ಸಾಕು ಎಂಬುದು ನಮ್ಮ ಅಭಿಪ್ರಾಯ. ಮಗುವಿನ ಹೆಸರು ಸರಿಯೇ ಎಂದು ತೀರ್ಮಾನಿಸಲು ಪ್ರೋಗ್ರಾಮು ಯಾರು?

ಕನ್ನಡವಲ್ಲದ ಕಾರಣಕ್ಕೂ ಹೆಸರು ಕೆಡುತ್ತದೆ. ನಮ್ಮ ಕಡೆ ಡಿ'ಸೋಜ, ಡಿ'ಸಿಲ್ವ ಮನೆತನಗಳಿಗೆ ಕಡಿಮೆಯಿಲ್ಲ. ಆ ನಡುವಿನ ಗೀಟು ಡೇಟಾಬೇಸಿನ ಆದೇಶವನ್ನು ಅರ್ಧದಲ್ಲೇ ಮುಚ್ಚಿಬಿಡುತ್ತದೆ, ಫಾರ್ಮು ಬಿದ್ದುಹೋಗುತ್ತದೆ. ಹಿಂದೆ ‘ಮ್ಯಾಜಿಕ್ ಕೋಟ್ಸ್’ ಎಂಬ ಅರೆಬರೆ ಉಪಾಯವಿತ್ತು. ಅದರ ದೆಸೆಯಿಂದ ಸರ್ಟಿಫಿಕೇಟಿನ ಮೇಲೂ ಡಿ\'ಸೋಜ ಎಂದು ಓರೆಗೆರೆ ಬರುತ್ತಿತ್ತು. 2012ರ ಪಿಎಚ್‌ಪಿ 5.4ರಲ್ಲಿ ಅದು ಹೋಯಿತು. ಸರಿಯಾದ ದಾರಿ ಪ್ರಿಪೇರ್ಡ್ ಸ್ಟೇಟ್‌ಮೆಂಟ್: ಆದೇಶ ಬೇರೆ, ಹೆಸರು ಬೇರೆ ಕಳಿಸುವುದು. ಬೇಕೆಂದೇ ಆ ಜಾಗದಲ್ಲಿ ಆದೇಶ ತುರುಕಿ ಡೇಟಾಬೇಸ್ ಹಾಳುಮಾಡುವವರನ್ನೂ ಇದೇ ತಡೆಯುತ್ತದೆ. ಒಬ್ಬ ಡಿ'ಸೋಜನ ಹೆಸರಿಗೆ ಬೀಳುವ ಪ್ರೋಗ್ರಾಮು ಕಳ್ಳನಿಗೂ ಬಾಗಿಲು ತೆರೆದಿಟ್ಟಿದೆ ಎಂದೇ ತಿಳಿಯಿರಿ.

“ಇಷ್ಟೆಲ್ಲ ಉಪದ್ರ ಯಾಕೆ, ಗೂಗಲ್ ಶೀಟಿನಲ್ಲಿ ಹಾಕಿದರಾಯಿತು” ಎಂದು ಜೊತೆಯ ಅಧ್ಯಾಪಕರೊಬ್ಬರು ಹೇಳುತ್ತಾರೆ. ನಲವತ್ತು ಹೆಸರಿನ ಪಟ್ಟಿಗೆ ಅವರ ಮಾತು ನೂರಕ್ಕೆ ನೂರು ಸರಿ, ಅದಕ್ಕೆ ಪಿಎಚ್‌ಪಿ ಬೇಡ. ಆದರೆ ನಮ್ಮ ಮಕ್ಕಳ ಹೆಸರು ಹಾದುಹೋಗುವ ಪ್ರೋಗ್ರಾಮುಗಳನ್ನು ಬರೆಯುವವರು ಬಹಳಷ್ಟು ಸಲ ಕನ್ನಡ ಬಾರದವರು. ಅವರಿಗೆ ಕೇಡು ಮಾಡುವ ಮನಸ್ಸಿಲ್ಲ, ಕೃಷ್ಣವೇಣಿಯನ್ನು ಕಂಡಿಲ್ಲ ಅಷ್ಟೆ. ಯಾವ ಸಾಲು ಬಿಟ್ಟುಹೋಗಿದೆ ಎಂದು ಅವರಿಗೆ ಹೇಳಲಾದರೂ ನಮ್ಮಲ್ಲಿ ಒಬ್ಬರಿಗೆ ಗೊತ್ತಿರಬೇಡವೇ? “ಕನ್ನಡ ಬರುವುದಿಲ್ಲ” ಎಂಬ ದೂರಿಗೆ ಉತ್ತರ ಸಿಗುವುದಿಲ್ಲ. “ಸಂಪರ್ಕದ ಚಾರ್‌ಸೆಟ್ ನೋಡಿ” ಎಂದರೆ ಅದೇ ದಿನ ಕೆಲಸವಾದದ್ದುಂಟು.

ಇದಕ್ಕೆ ಹೊರಗಿನಿಂದ ಜನ ತರಬೇಕಾಗಿಲ್ಲ. ಕೇರಳದ ಪ್ಲಸ್ ಟು ಕಂಪ್ಯೂಟರ್ ಸೈನ್ಸ್ ಪಠ್ಯದಲ್ಲಿ 2015ರ ಸುಮಾರಿಗೇ ಪಿಎಚ್‌ಪಿಗೆ ಒಂದಿಡೀ ಅಧ್ಯಾಯ ಬಂದಿತ್ತು. ನಮ್ಮಲ್ಲಿ ಹತ್ತರವರೆಗೆ ಕನ್ನಡದಲ್ಲಿ ಓದಿದ ಮಕ್ಕಳೇ ಅದನ್ನು ಓದಿದ್ದಾರೆ, ಪರೀಕ್ಷೆ ಬರೆದು ಮರೆತಿದ್ದಾರೆ. ಅಂಥವರನ್ನು ಶಾಲೆಗೆ ಕರೆದು, ಚಹಾ ಕೊಟ್ಟು, ನಮ್ಮದೇ ಪಟ್ಟಿ ಮುಂದಿಟ್ಟರೆ ಆ ಅಧ್ಯಾಯಕ್ಕೆ ಜೀವ ಬರುತ್ತದೆ. ನಾವು ಹಾಗೆಯೇ ಕಲಿತದ್ದು, ನಮ್ಮ ವಿದ್ಯಾರ್ಥಿಗಳಿಂದ.

ಮೈಎಸ್‌ಕ್ಯೂಎಲ್‌ನ ಹಳೆಯ ‘ಯುಟಿಎಫ್8’ ಸಾಕಲ್ಲವೇ, ಕನ್ನಡಕ್ಕೆ 3 ಬೈಟ್ ತಾನೇ ಎಂದು ಕೇಳುವವರಿದ್ದಾರೆ. ಕನ್ನಡಕ್ಕೆ ಸಾಕು. ಆದರೆ 2024ರ ಸೆಪ್ಟೆಂಬರಿನ ಯುನಿಕೋಡ್ 16ರಲ್ಲಿ ತುಳು-ತಿಗಳಾರಿ ಲಿಪಿ ಸೇರಿದೆ, ಅದಕ್ಕೆ 4 ಬೈಟ್ ಬೇಕು. ನಮ್ಮ ತರಗತಿಯಲ್ಲಿ ಮನೆಮಾತು ತುಳುವಾಗಿರುವ ಮಕ್ಕಳೆಷ್ಟು ಎಂದು ನಿಮಗೆ ಹೇಳಬೇಕಾಗಿಲ್ಲ. ಎಂಬಿ4 ಎಂದೇ ಹಾಕಿ.

ಆಫೀಸಿನ ಕಂಪ್ಯೂಟರಿನ ಪಕ್ಕ ಈಗ ಒಂದು ಚೀಟಿ ಅಂಟಿಸಿದ್ದೇವೆ. ಹೊಸತೇನು ಬಂದರೂ ಮೊದಲು ಆ ಹೆಸರುಗಳನ್ನು ಹಾಕಿ, ಸೇವ್ ಮಾಡಿ, ಮತ್ತೆ ತೆರೆದು, ಪ್ರಿಂಟ್ ತೆಗೆದು ನೋಡುವುದು: ಕೃಷ್ಣವೇಣಿ, ಲಕ್ಷ್ಮೀಶ, ಜ್ಯೋತ್ಸ್ನಾ, ರಾಜ್‌ಕುಮಾರ್, ಡಿ'ಸೋಜ. ನಿಮ್ಮ ಶಾಲೆಯ ಹಾಜರಿ ಪುಸ್ತಕದಲ್ಲಿ ಇದಕ್ಕಿಂತ ಕಷ್ಟದ ಹೆಸರಿದ್ದರೆ ತಿಳಿಸಿ, ಚೀಟಿಯಲ್ಲಿ ಇನ್ನೂ ಜಾಗ ಉಂಟು.