ಮೀನಿಗೆ ಅಮ್ಮ ಆಗಿಲ್ಲ ಕಣ್ರವ್ವ, ಆ ಮೈಲುತುತ್ತ ಕೆಳಗಿಡಿ

ಮೈಸೂರಲ್ಲಿ ನನ್ನ ಮಗನ ಮನೇಲಿರೋ ಸಮುದ್ರದ ಮೀನಿನ ತೊಟ್ಟಿಗೆ ಬಿಳಿ ಚುಕ್ಕೆ ರೋಗ ಬಂತು ಅಂದಿದ್ದೇ ತಡ, ಎಲ್ರೂ ಡಾಕ್ಟ್ರಾಗ್ಬುಟ್ರಿ. ದೊಡ್ಡತ್ತೆ ಅರಿಶ್ನ ಹಾಕು ಅಂದ್ರು. ಹಾರನಹಳ್ಳಿ ಎದುರುಮನೆ ಅಕ್ಕ ಫೋನ್ ಮಾಡಿ, ‘ಮೀನಿಗೆ ಅಮ್ಮ ಆಗದೆ ಕಣವ್ವ, ಬೇವಿನ ಸೊಪ್ಪು ಇಡು’ ಅಂದ್ರು. ತಂಗಿ ಮಗಳು ಅವಳ ಗೋಲ್ಡ್‌ಫಿಶ್‌ಗೆ ಕಲ್ಲುಪ್ಪು ಹಾಕಿ ವಾಸಿ ಮಾಡಿದ್ಲಂತೆ, ‘ನೀವೂ ಒಂದು ಹಿಡಿ ಹಾಕಿ ದೊಡ್ಡವ್ವ’ ಅಂದ್ಲು. ನಮ್ಮೆಜಮಾನ್ರು ಬುಡ್ತಾರಾ? ‘ಶುಂಠಿಗೆ ತಂದ ಮೈಲುತುತ್ತ ಉಳ್ದದೆ, ಒಂದು ಚಿಟಿಕೆ ಕಳಿಸ್ಲಾ?’ ಅಂದ್ರು. ಅಂಗಡಿಯೋನು ಮಾತ್ರ ಏನೂ ಕೇಳ್ದೆ ಒಂದು ನೀಲಿ ಸೀಸೆ ಕೊಟ್ಟು, ‘ತೊಟ್ಟಿಗೇ ಹುಯ್ದುಬಿಡಿ, ನಾಕು ದಿನದಲ್ಲಿ ಚುಕ್ಕೆ ಹೋಯ್ತದೆ’ ಅಂದ.

ಹುಯ್ದೋಳು ನಾನೇ. ಅದುಕ್ಕೇ ಇವತ್ತು ಇಷ್ಟು ಜೋರಾಗಿ ಬರೀತಾ ಇರೋದು.

ತೊಟ್ಟೀಲಿ ಕಿತ್ತಳೆ ಬಣ್ಣದ ಕ್ಲೌನ್ ಮೀನು ಎರಡು ಇದ್ವು, 2003ರಲ್ಲಿ ಬಂದ ನೀಮೋ ಸಿನಿಮಾದ ಮೀನು. ಮೊಮ್ಮಗ ಹಟ ಮಾಡ್ದ ಅಂತ ಅದೇ ಸಿನಿಮಾದ ನೀಲಿ ಮೀನೂ ಒಂದು ಬಂತು, ಬ್ಲೂ ಟ್ಯಾಂಗ್ ಅಂತಾರೆ. ಜೊತೆಗೆ ಎರಡು ಸೀಗಡಿ, ಒಂದಷ್ಟು ಬಸವನಹುಳ. ನೀಲಿ ಮೀನು ಬಂದು ವಾರಕ್ಕೆ ಅದರ ಮೈಮೇಲೆ ಉಪ್ಪಿನ ಹರಳು ಉದುರಿಸಿದಂಗೆ ಚುಕ್ಕೆ. ಕಲ್ಲಿಗೆ ಮೈ ಉಜ್ಕೊಳ್ತಿತ್ತು. ನಾನು ಸೀಸೆ ಹುಯ್ದೆ. ಮಾರನೆ ಬೆಳಿಗ್ಗೆ ಸೀಗಡಿ ಎರಡೂ ಸತ್ತು ಬಿದ್ದಿದ್ವು. ನಾಕನೇ ದಿನ ಚುಕ್ಕೆ ನಿಜವಾಗ್ಲೂ ಮಾಯ! ವಾಸಿ ಆಯ್ತು ಅಂತ ನಾನೇ ನಿಮ್ಗೆಲ್ಲ ಫೋಟೋ ಕಳಿಸ್ದೆ, ಮೊಮ್ಮಗನಿಗೂ ಹೇಳ್ದೆ. ಹತ್ತು ದಿನಕ್ಕೆ ಮೂರೂ ಮೀನಿನ ಮೇಲೆ ಚುಕ್ಕೆ, ಈ ಸಲ ಲೆಕ್ಕಕ್ಕೆ ಸಿಗದಷ್ಟು. ನೀಲಿ ಮೀನು ಏದುಸಿರು ಬಿಡ್ತಾ ಪಕ್ಕಕ್ಕೆ ವಾಲ್ಕೊಂಡು ಸತ್ತೋಯ್ತು. ಮಗು ಅಳ್ಲಿಲ್ಲ. ‘ಅಜ್ಜಿ, ನೀನು ವಾಸಿ ಆಯ್ತು ಅಂದಿದ್ದೆ’ ಅಂತು. ಅಷ್ಟೇ.

ಆಮೇಕೆ ಮಗನ ಹತ್ರ ಓದ್ಸಿ, ನಾನೂ ಕೂತು ಓದಿ ತಿಳ್ಕೊಂಡೆ. ಇದು ಅಮ್ಮನೂ ಅಲ್ಲ, ದೃಷ್ಟಿನೂ ಅಲ್ಲ. ಕಣ್ಣಿಗೆ ಕಾಣದ ಒಂದು ಜೀವಿ, ಕ್ರಿಪ್ಟೋಕ್ಯಾರಿಯಾನ್ ಅಂತ ಬಾಯಿ ತಿರುಗದ ಹೆಸ್ರು. ನಮ್ಗೆ ಅರ್ಥ ಆಗ್ಬೇಕಾದ್ರೆ ದನಕ್ಕೆ ಹತ್ತೋ ಉಣ್ಣೆ ನೆನೆಸ್ಕೊಳಿ. ಉಣ್ಣೆ ರಕ್ತ ಕುಡ್ದು ಉಬ್ಬಿ, ತಾನಾಗೇ ಉದುರಿ ಕೊಟ್ಟಿಗೆ ಸಂದೀಲಿ ಮೊಟ್ಟೆ ಇಡ್ತದಲ್ಲ? ಹಸು ಮೈ ತೊಳ್ದು, ಉಣ್ಣೆ ಹೋಯ್ತು ಅಂತ ಅದೇ ಕೊಟ್ಟಿಗೇಲಿ ಕಟ್ಟುದ್ರೆ ಏನಾಯ್ತದೆ ಅಂತ ನಿಮ್ಗೆ ನಾನು ಹೇಳ್ಬೇಕಾ? ಇದೂ ಹಂಗೇ. ಮೀನಿನ ಚರ್ಮದೊಳಗೆ ಮೂರರಿಂದ ಏಳು ದಿನ ತಿಂದು ದಪ್ಪ ಆಗಿ, ಉದುರಿ, ಮರಳಲ್ಲೋ ಕಲ್ಲಲ್ಲೋ ಗೂಡು ಕಟ್ಟ್ಕೊಳ್ತದೆ. ಒಂದೊಂದು ಗೂಡಲ್ಲೂ ನೂರಾರು ಮರಿ. ಕೆಲವು ಮೂರು ದಿನಕ್ಕೇ ಒಡೀತವೆ, ಕೆಲವು ವಾರಗಟ್ಲೆ ಕೂತಿರ್ತವೆ. ಮರಿ ಹೊರಗೆ ಬಂದು ಒಂದೆರಡು ದಿನದೊಳಗೆ ಮೀನು ಸಿಗ್ದಿದ್ರೆ ಸಾಯ್ತದೆ. ಔಷ್ದಿ ಕೊಲ್ಲೋದು ಈಜಾಡೋ ಈ ಮರೀನ ಮಾತ್ರ. ಚರ್ಮದೊಳಗೆ ಇರೋದುಕ್ಕೂ ತಾಗಲ್ಲ, ಗೂಡಲ್ಲಿರೋದುಕ್ಕೂ ತಾಗಲ್ಲ.

ಅಂದ್ರೆ ನಾಕನೇ ದಿನ ಚುಕ್ಕೆ ಹೋಗಿದ್ದು ಸೀಸೆಯಿಂದ ಅಲ್ಲ. ನೀವು ಅರಿಶ್ನ ಹಾಕಿದ್ರೂ ಹೋಗ್ತಿತ್ತು, ಸುಮ್ನೆ ಕೈಕಟ್ಟಿ ಕೂತಿದ್ರೂ ಹೋಗ್ತಿತ್ತು, ಉದುರೋ ದಿನ ಬಂದಿತ್ತು ಅಷ್ಟೇ. ಸೀಸೆ ಮಾರೋರ ಮಾತು ನಡೀತಿರೋದೇ ಈ ನಾಕು ದಿನದ ಮೇಲೆ. ಬೇವಿನ ಸೊಪ್ಪಿನ ಹೆಸ್ರು ನಿಂತಿರೋದೂ ಅದ್ರ ಮೇಲೇ, ಎದುರುಮನೆ ಅಕ್ಕ ಬೇಜಾರು ಮಾಡ್ಕೋಬಾರ್ದು.

ಕಲ್ಲುಪ್ಪಿನ ವಿಷ್ಯಕ್ಕೆ ಬತ್ತೀನಿ. ತಂಗಿ ಮಗಳು ಮಾಡಿದ್ದು ತಪ್ಪಲ್ಲ. ಸಿಹಿನೀರಿನ ಮೀನಿಗೂ ಬಿಳಿ ಚುಕ್ಕೆ ಬತ್ತದೆ, ಆದ್ರೆ ಅದು ಬೇರೆ ಜೀವಿ, ಉಪ್ಪಿಗೆ ಬಗ್ತದೆ. ಲೀಟ್ರಿಗೆ 35 ಗ್ರಾಂ ಉಪ್ಪಿನ ನೀರಲ್ಲೇ ಹುಟ್ಟಿ ಬೆಳ್ದಿರೋ ಜೀವಿಗೆ ಇನ್ನೊಂದು ಹಿಡಿ ಉಪ್ಪು ಹಾಕುದ್ರೆ ಅದು ಹೆದ್ರುಕೊಳ್ತದಾ?

ಇನ್ನು ನಮ್ಮೆಜಮಾನ್ರ ಮೈಲುತುತ್ತ. ತಮಾಷೆ ಏನಂದ್ರೆ ಅವ್ರು ಹೇಳಿದ್ರಲ್ಲಿ ಅರ್ಧ ಸರಿ ಅದೆ. ಈ ರೋಗಕ್ಕೆ ನಿಜವಾದ ಔಷ್ದಿ ತಾಮ್ರನೇ. ಆದ್ರೆ ಅಳತೆ ನೋಡಿ. ಲೀಟ್ರಿಗೆ 0.15ರಿಂದ 0.2 ಮಿಲಿಗ್ರಾಂ ತಾಮ್ರ ಇರ್ಬೇಕು. ಮೈಲುತುತ್ತದಲ್ಲಿ ಕಾಲು ಭಾಗ ತಾಮ್ರ, ಅಲ್ಲಿಗೆ 100 ಲೀಟ್ರಿಗೆ 80 ಮಿಲಿಗ್ರಾಂ ಮೈಲುತುತ್ತ ಆದ್ರೆ ಮುಗೀತು. ಒಂದು ಚಿಟಿಕೆ ಅರ್ಧ ಗ್ರಾಂ ಅಂದ್ಕೊಂಡ್ರೂ ಆರು ಪಟ್ಟು ಜಾಸ್ತಿ. ಬೋರ್ಡೋಗೆ 100 ಲೀಟ್ರಿಗೆ ಒಂದು ಕೆಜಿ ಕಲಸೋ ಕೈ ಅದು, ಅದುಕ್ಕೆ ಮಿಲಿಗ್ರಾಂ ಎಲ್ಲಿ ಗೊತ್ತಾಯ್ತದೆ? ಕಮ್ಮಿ ಆದ್ರೆ ರೋಗ ಹೋಗಲ್ಲ, ಜಾಸ್ತಿ ಆದ್ರೆ ಮೀನು ಉಳಿಯಲ್ಲ. ತಾಮ್ರ ಅಳೆಯೋ ಕಿಟ್ ಇಟ್ಕೊಂಡು ದಿನಾ ನೋಡ್ಬೇಕು. ಅದೂ ಬೇರೆ ಟಬ್ಬಲ್ಲಿ. ದೊಡ್ಡ ತೊಟ್ಟೀಲಿ ಹಾಕುದ್ರೆ ಸೀಗಡಿ, ಬಸವನಹುಳ, ಹವಳ ಎಲ್ಲಾ ಸಾಯ್ತವೆ, ಸುಣ್ಣದ ಕಲ್ಲು ತಾಮ್ರ ಕುಡ್ದುಬಿಡ್ತದೆ, ಅಳತೆ ನಿಲ್ಲಲ್ಲ. ನಾನು ಹುಯ್ದ ಸೀಸೆ ಮೇಲೂ ಸಣ್ಣಕ್ಷರದಲ್ಲಿ ತಾಮ್ರ ಅಂತಲೇ ಇತ್ತು. ಓದ್ದೆ ಹುಯ್ದೆ. ಪಿಯುಸಿ ಓದಿದೀನಿ ಅಂತ ಬೇರೆ ಹೇಳ್ಕೊಳ್ತೀನಿ.

ಉಳಿದ ಎರಡು ಕ್ಲೌನ್ ಮೀನಿಗೆ ನಾನು ಔಷ್ದಿನೇ ಹಾಕ್ಲಿಲ್ಲ. ಎರಡು ಟಬ್ಬು ತಂದೆ, 40 ಲೀಟ್ರಿನವು. ಮರಳಿಲ್ಲ, ಕಲ್ಲಿಲ್ಲ, ಅವಿತ್ಕೊಳ್ಳೋಕೆ ಒಂದು ತುಂಡು ಪಿವಿಸಿ ಪೈಪು, ಗಾಳಿ ಬಿಡೋ ಪಂಪು, ಹೀಟರು. ಮೂರು ದಿನ ಒಂದ್ರಲ್ಲಿ, ಮೂರು ದಿನ ಆಗೋದ್ರೊಳಗೆ ಇನ್ನೊಂದುಕ್ಕೆ. 1ನೇ ದಿನ, 4, 7, 10, 13. ಮೀನು ಮಾತ್ರ ದಾಟ್ಬೇಕು, ಹಳೇ ನೀರು ದಾಟಂಗಿಲ್ಲ. ಹೊಸ ನೀರಿನ ಉಪ್ಪೂ ಬಿಸೀನೂ ಹಳೇದ್ರಷ್ಟೇ ಇರ್ಬೇಕು. ಖಾಲಿ ಆದ ಟಬ್ಬು, ಪೈಪು, ಜಾಲರಿ ಎಲ್ಲಾ ತೊಳ್ದು ಬಿಸ್ಲಲ್ಲಿ ಗರಿಗರಿ ಒಣಗಿಸ್ಬೇಕು. ಉದುರಿದ ಜೀವಿ ಗೂಡು ಕಟ್ಟಿ ಮರಿ ಒಡೆಯೋದ್ರೊಳಗೆ ಮೀನು ಅಲ್ಲಿಂದ ಎದ್ದು ಬಂದಿರ್ತದೆ, ಅದೇ ಇದ್ರ ಗುಟ್ಟು. ಒಂದೊಂದು ಸಲಕ್ಕೂ ಸಮುದ್ರದ ಉಪ್ಪಿನ ಪುಡಿ 1.4 ಕೆಜಿ, ಐದು ಸಲಕ್ಕೆ 7 ಕೆಜಿ ಆಯ್ತು. ಅಡುಗೆ ಉಪ್ಪು ನಡೆಯಲ್ಲ, ಅದ್ರಲ್ಲಿ ಸಮುದ್ರದ ನೀರಲ್ಲಿರೋ ಸುಣ್ಣ, ಮೆಗ್ನೀಸಿಯಂ ಎಲ್ಲಾ ಇರಲ್ಲ. ಬೆನ್ನು ನೋವಾಯ್ತು. ಮೀನು ಉಳ್ಕೊಂಡ್ವು.

ದೊಡ್ಡ ತೊಟ್ಟಿ ಮೀನಿಲ್ದೆ 76 ದಿನ ಖಾಲಿ ಇರ್ಬೇಕು, ಮಲಗಿರೋ ಗೂಡೆಲ್ಲ ಒಡ್ದು ಮರಿ ಉಪವಾಸ ಸಾಯೋ ತನಕ. ಇದುಕ್ಕೇ ಎಲ್ರಿಗೂ ತಾಳ್ಮೆ ಇಲ್ಲ. ‘ಮೀನು ತಾನೆ ಅಕ್ಕ, ಹೋದ್ರೆ ಇನ್ನೊಂದು ತಂದ್ರಾಯ್ತು’ ಅಂತ ನಮ್ಮ ಗೃಹಪ್ರವೇಶಕ್ಕೆ ಬಂದಂಗೆ ಬಂದು ಹೇಳಿ ಹೋದೋರು ಮೂರು ಜನ. ಈ ಮಾತು ನನ್ಗೆ ಸೀಸೆಗಿಂತ ಜಾಸ್ತಿ ಸಿಟ್ಟು ತರಿಸ್ತದೆ. ಕ್ಲೌನ್ ಮೀನನ್ನ ತೊಟ್ಟೀಲೇ ಮರಿ ಮಾಡಿಸೋದುನ್ನ ನಮ್ಮ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯೋರೇ ಮಾಡಿ ತೋರ್ಸವ್ರೆ. ಆದ್ರೆ ಅಂಗಡೀಲಿರೋ ನೀಲಿ ಮೀನು ಬಹುತೇಕ ಸಮುದ್ರದ ಹವಳದ ದಿಬ್ಬದಲ್ಲಿ ಹಿಡ್ದು ತಂದಿದ್ದು. ಅಲ್ಲಿಂದ ಚೀಲದಲ್ಲಿ ಮೈಸೂರ ತನಕ ಬದುಕಿ ಬಂದಿದ್ದುನ್ನ ನಾಕು ದಿನದ ಸೀಸೆಗೆ ಕೊಡೋದಾ? ಹೊಸ ಮೀನು ತಂದ ದಿನವೇ ಆ ಎರಡು ಟಬ್ಬಿನ ಕೆಲ್ಸ ಮಾಡಿ ಆಮೇಲೆ ದೊಡ್ಡ ತೊಟ್ಟಿಗೆ ಬಿಟ್ಟಿದ್ರೆ ಈ ಕತೆನೇ ಇರ್ತಿರ್ಲಿಲ್ಲ. ಅಷ್ಟು ಜಾಗ, ಅಷ್ಟು ಪುರುಸೊತ್ತು ಇಲ್ಲ ಅನ್ನೋರು ಸಮುದ್ರದ ಮೀನು ತರ್ಲೇಬೇಡಿ. ತರೋರು ಗಂಡಸ್ರು, ಹಟ ಮಾಡೋರು ಮಕ್ಕಳು, ನೀರು ಬದಲಾಯಿಸೋರು ಯಾರು ಅಂತ ಅಂಗಡಿಗೆ ಹೋಗೋ ಮುಂಚೆನೇ ಕೇಳಿ.

ಇವತ್ತಿಗೆ ತೊಟ್ಟಿ ಖಾಲಿಯಾಗಿ 52 ದಿನ. ಕ್ಲೌನ್ ಮೀನು ಇನ್ನೂ ಟಬ್ಬಲ್ಲೇ ಅವೆ. ಮೊಮ್ಮಗ ಕ್ಯಾಲೆಂಡರಲ್ಲಿ ದಿನಾ ಒಂದು ಗೀಟು ಹಾಕ್ತಾನೆ. ‘ವಾಸಿ ಆಯ್ತಾ ಅಜ್ಜಿ?’ ಅಂತ ಕೇಳ್ತಾನೆ. ಇನ್ನೂ 24 ದಿನ ಅದೆ ಕಂದ, ಈಗ್ಲೇ ಹೇಳಲ್ಲ ಅಂತೀನಿ.