ಮೊದಲು ರೈಲಿನ ಸುರಂಗ ಕೊರೆಯಿರಿ

ಹೆಬ್ಬಾಳದಿಂದ ಮೇಖ್ರಿ ವೃತ್ತ ದಾಟಿ ರೇಸ್‌ಕೋರ್ಸ್‌ ಕಡೆಗೆ ನೆಲದಡಿ ಎರಡು ಯೋಜನೆಗಳು ಅಕ್ಕಪಕ್ಕ ಸಾಗಲಿವೆ. ಒಂದು, ಹೆಬ್ಬಾಳ–ಸಿಲ್ಕ್‌ಬೋರ್ಡ್ ಸುರಂಗ ರಸ್ತೆ. ಉದ್ದ 16.75 ಕಿ.ಮೀ., ಅಂದಾಜು ವೆಚ್ಚ 17,698 ಕೋಟಿ ರೂಪಾಯಿ. ಇನ್ನೊಂದು, ಸರ್ಜಾಪುರ–ಹೆಬ್ಬಾಳ ಮೆಟ್ರೊ. 2024ರ ಡಿಸೆಂಬರ್‌ನಲ್ಲಿ ರಾಜ್ಯ ಸಂಪುಟ ಒಪ್ಪಿದ 28,405 ಕೋಟಿ ರೂಪಾಯಿಯ ಈ ಕೆಂಪು ಮಾರ್ಗದ 14 ಕಿ.ಮೀ.ಗೂ ಹೆಚ್ಚು ಭಾಗ ನೆಲದಡಿಯದು. ಆದರೆ 2025ರಲ್ಲಿ ಟೆಂಡರ್ ಕರೆದದ್ದು ಕಾರಿನ ಸುರಂಗಕ್ಕೆ.

ರಸ್ತೆ ಅಗಲ ಮಾಡಲು ಜಾಗವಿಲ್ಲ ಎನ್ನುತ್ತಾರೆ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್. ಆ ಮಾತು ನಿಜ. ಜಾಗವಿಲ್ಲದ ಊರಿನಲ್ಲಿ, ಅತಿ ಕಡಿಮೆ ಜಾಗದಲ್ಲಿ ಅತಿ ಹೆಚ್ಚು ಜನರನ್ನು ಒಯ್ಯುವ ವಾಹನಕ್ಕೆ ಮೊದಲ ಮಣೆ ಹಾಕಬೇಕಲ್ಲವೇ? ಮೂರು ಲೇನ್‌ಗಳ ಸುರಂಗದಲ್ಲಿ ಒಂದು ದಿಕ್ಕಿಗೆ ಗಂಟೆಗೆ ಐದಾರು ಸಾವಿರ ಕಾರು ಹೋದರೆ ಅದೇ ಹೆಚ್ಚು. ಬಹಳಷ್ಟು ಕಾರುಗಳಲ್ಲಿ ಇರುವುದು ಒಬ್ಬರೇ. ಆರು ಬೋಗಿಯ ಒಂದು ಮೆಟ್ರೊ ರೈಲು ಒಂದೂವರೆ ಸಾವಿರ ಜನರನ್ನು ಹೊರುತ್ತದೆ. ಮೂರು ನಿಮಿಷಕ್ಕೊಂದು ರೈಲು ಬಿಟ್ಟರೆ ಗಂಟೆಗೆ ಮೂವತ್ತು ಸಾವಿರ. ಅದೂ ಕಿರಿದಾದ ಕೊಳವೆಯಲ್ಲಿ: ಮೆಟ್ರೊ ಸುರಂಗದ ಒಳವ್ಯಾಸ ಆರು ಮೀಟರ್‌ಗಿಂತ ಕಡಿಮೆ, ಕಾರಿನ ಸುರಂಗಕ್ಕೆ ಅದರ ಎರಡು ಪಟ್ಟಿಗೂ ಹೆಚ್ಚು ಬೇಕು.

‘ಎರಡೂ ಬರಲಿ ಬಿಡಿ’ ಎನ್ನುವವರಿದ್ದಾರೆ. ಕೇಳಲು ಹಿತವಾದ ಮಾತು, ಆದರೆ ಲೆಕ್ಕ ಕೂಡಿಬರುವುದಿಲ್ಲ. ಸುರಂಗ ರಸ್ತೆಯ ಹಣ ಟೋಲ್‌ನಿಂದ ವಾಪಸ್ ಬರಬೇಕಾದರೆ ಕಾರುಗಳು ಹೆಚ್ಚಬೇಕು. ಮೆಟ್ರೊ ಗೆಲ್ಲಬೇಕಾದರೆ ಅದೇ ಕಾರಿನವರು ಕಾರು ಬಿಟ್ಟು ರೈಲು ಹತ್ತಬೇಕು. ಒಂದೇ ಸರ್ಕಾರ ಒಂದೇ ದಾರಿಯಲ್ಲಿ ಈ ಎರಡನ್ನೂ ಬಯಸಲಾಗದು.

ಬೆಂಗಳೂರಿನ ವಾಹನಗಳಲ್ಲಿ ಬಹುಪಾಲು ದ್ವಿಚಕ್ರ. ಕಾರಿನ ಸುರಂಗದೊಳಗೆ ಅವುಗಳಿಗೆ ಪ್ರವೇಶವಿಲ್ಲ. ಮಳೆಯಲ್ಲಿ ಮೇಖ್ರಿ ವೃತ್ತದ ಸಿಗ್ನಲ್‌ನಲ್ಲಿ ರೇನ್‌ಕೋಟ್ ತೊಟ್ಟು ನಿಲ್ಲುವ ಡೆಲಿವರಿ ಹುಡುಗನಿಗೂ, ಬಸ್ಸಿನ ಫುಟ್‌ಬೋರ್ಡ್ ಮೇಲೆ ಜೋತುಬಿದ್ದು ಶಿವಾಜಿನಗರಕ್ಕೆ ಹೋಗುವ ಗಾರ್ಮೆಂಟ್ಸ್ ಹೆಣ್ಣುಮಗಳಿಗೂ ಈ ಸಾವಿರಾರು ಕೋಟಿಯಿಂದ ಸಿಗುವುದೇನು?

ಮಣ್ಣಿನ ಮಾತೂ ಇದೆ. ಡೇರಿ ವೃತ್ತ–ನಾಗವಾರ ಮೆಟ್ರೊ ಸುರಂಗ ಕೊರೆಯಲು 9 ಯಂತ್ರಗಳು 2020ರಿಂದ 2024ರವರೆಗೆ ಸೆಣಸಿದವು. ಕಿರಿದಾದ ಕೊಳವೆಗೇ ಇಷ್ಟು ಕಷ್ಟವಾದರೆ ಎರಡು ಪಟ್ಟು ಅಗಲದ್ದಕ್ಕೆ ಎಷ್ಟು? ಆ ಕಾರಿನ ಸುರಂಗಕ್ಕಾಗಿ ಲಾಲ್‌ಬಾಗ್‌ನ ಜಾಗವನ್ನೂ ನಕ್ಷೆಗೆ ಸೇರಿಸಲಾಯಿತು. ಸುಮಾರು 300 ಕೋಟಿ ವರ್ಷದ ಬಂಡೆಯಿರುವ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾದ ಲಾಲ್‌ಬಾಗ್! ಜನ ತಿರುಗಿಬಿದ್ದ ಮೇಲಷ್ಟೇ ಬದಲಿ ಜಾಗದ ಮಾತು ಬಂತು. ಇನ್ನು ಮಳೆನೀರು: 2023ರ ಮೇ 21ರಂದು ಕೆ.ಆರ್. ವೃತ್ತದ ಪುಟ್ಟ ಅಂಡರ್‌ಪಾಸ್‌ನಲ್ಲಿ ಕಾರು ಮುಳುಗಿ ಯುವತಿಯೊಬ್ಬರು ಪ್ರಾಣ ಕಳೆದುಕೊಂಡರು. ಅಷ್ಟು ಸಣ್ಣ ಜಾಗದ ನೀರು ಹೊರಹಾಕಲಾಗದ ಆಡಳಿತ ಸುಮಾರು ಹದಿನೇಳು ಕಿಲೋಮೀಟರ್ ಸುರಂಗ ಕಾಯುತ್ತದೆಂದು ನಾನು ನಂಬಲಾರೆ.

ಸುರಂಗ ರಸ್ತೆಯ ಟೆಂಡರ್ ರದ್ದಾಗಲಿ. ಕೆಂಪು ಮಾರ್ಗಕ್ಕೆ ಕೇಂದ್ರದ ಒಪ್ಪಿಗೆ ಬೇಕು; ದೆಹಲಿಯಲ್ಲಿ ಕೂತು ಅದನ್ನು ಪಡೆಯುವುದು ರಾಜ್ಯ ಸರ್ಕಾರದ ಕೆಲಸ, ಜೊತೆಗೂಡುವುದು ಬೆಂಗಳೂರಿನ ಸಂಸದರ ಕೆಲಸ. ಮತ ಕೇಳಲು ಬರುವವರನ್ನು ಓದುಗರು ಬಾಗಿಲಲ್ಲೇ ನಿಲ್ಲಿಸಿ ಈ ರೈಲು ಎಲ್ಲಿಗೆ ಬಂತೆಂದು ಕೇಳಬೇಕು.