ಯಂತ್ರ ಮತ್ತು ಕಪ್ಪುಹಲಗೆ

ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳು ಒಂದಕ್ಕೊಂದು ಅಂಟಿಕೊಂಡಿದ್ದರೂ ಅವುಗಳ ಪ್ರಕೃತಿ ಒಂದೇ ಬಗೆಯದಲ್ಲ. ತರೀಕೆರೆಯ ಪಶ್ಚಿಮಕ್ಕೆ ಕಾಡು, ಅಡಕೆಯ ತೋಟ, ಲಕ್ಕವಳ್ಳಿಯ ಭದ್ರಾ ಜಲಾಶಯ. ಕಡೂರಿನ ಕಡೆಗೆ ತೆಂಗು, ರಾಗಿ, ಮಳೆಗಾಗಿ ಮುಗಿಲು ನೋಡುವ ಬಯಲು. ಅಜ್ಜಂಪುರದಲ್ಲಿ ಹೆಸರಾಂತ ಅಮೃತಮಹಲ್ ರಾಸುಗಳ ತಳಿ ಸಂವರ್ಧನಾ ಕೇಂದ್ರ. ಈ ಸೀಮೆಯ ಸರ್ಕಾರಿ ಪ್ರೌಢಶಾಲೆಗಳಿಗೆ ರೈತರ ಮಕ್ಕಳೂ ಕೂಲಿಕಾರರ ಮಕ್ಕಳೂ ಬರುತ್ತಾರೆ. ಮನೆಯಲ್ಲಿಲ್ಲದ ಗಣಕಯಂತ್ರವು ಅವರಿಗೆ ದೊರೆಯುವುದಾದರೆ ಶಾಲೆಯಲ್ಲಿಯೇ ದೊರೆಯಬೇಕು. ಆದುದರಿಂದ ಶಾಲೆಗೆ ಬಂದ ಯಂತ್ರದಿಂದ ಮಗುವಿಗೆ ದಕ್ಕಿದುದೇನು ಎಂಬ ಪ್ರಶ್ನೆಯು ಸಿರಿವಂತರ ಶಾಲೆಗಳಿಗಿಂತ ಇಲ್ಲಿ ಹೆಚ್ಚು ಮುಖ್ಯವಾದುದು.

1980ರ ದಶಕದಲ್ಲಿ ಸೇವೆಗೆ ಸೇರಿ, ಈ ಮೂರು ಊರುಗಳ ಸುತ್ತಲೇ ವರ್ಗವಾಗುತ್ತ ದುಡಿದು, 2015ರ ಆಚೀಚೆ ನಿವೃತ್ತರಾದ ಗಣಿತದ ಅಧ್ಯಾಪಕರೊಬ್ಬರನ್ನು ಕಲ್ಪಿಸಿಕೊಳ್ಳಬಹುದು. ಅವರು ಸೇವೆಗೆ ಸೇರಿದಾಗ ಅಜ್ಜಂಪುರವು ತರೀಕೆರೆ ತಾಲ್ಲೂಕಿಗೇ ಸೇರಿದ್ದಿತು. ಆಗ ಅವರಿಗಿದ್ದ ಉಪಕರಣಗಳೆಂದರೆ ಕಪ್ಪುಹಲಗೆ, ಸೀಮೆಸುಣ್ಣ, ಮರದ ಕೋನಮಾಪಕ ಮತ್ತು 1965ರಲ್ಲಿ ಆರಂಭವಾಗಿದ್ದ ಭದ್ರಾವತಿ ಆಕಾಶವಾಣಿಯನ್ನು ಕೇಳಿಸುವ ಒಂದು ರೇಡಿಯೊ. ನಿವೃತ್ತರಾಗುವ ವೇಳೆಗೆ ದೂರದರ್ಶನ, ಗಣಕಯಂತ್ರ, ಪರದೆಯ ಮೇಲೆ ಚಿತ್ರ ಮೂಡಿಸುವ ಪ್ರೊಜೆಕ್ಟರು, ಅಂಗೈಯಲ್ಲಿ ಹಿಡಿಯುವ ದೂರವಾಣಿ ಎಲ್ಲವನ್ನೂ ಅವರು ಕಂಡಿದ್ದರು. ಒಬ್ಬರ ಸೇವಾವಧಿಯಲ್ಲಿ ಇಷ್ಟು ಬಗೆಯ ಯಂತ್ರಗಳು ಶಾಲೆಯ ಬಾಗಿಲಿಗೆ ಬಂದುದು ಹಿಂದೆಂದೂ ಇರಲಿಲ್ಲ. ಆದರೆ ಬಾಗಿಲಿಗೆ ಬಂದುದೆಲ್ಲ ತರಗತಿಯೊಳಕ್ಕೆ ಬಂದಿತೆಂದು ಹೇಳಲಾಗದು.

ಇದರ ಕಾರಣವನ್ನು ತಿಳಿಯಲು ಈ ಸೀಮೆಯಿಂದ ಸ್ವಲ್ಪ ಹೊರಗೆ ನೋಡಬೇಕಾಗುತ್ತದೆ. 1975ರ ಆಗಸ್ಟ್ 1ರಂದು ಭಾರತದಲ್ಲಿ ಉಪಗ್ರಹದ ಮೂಲಕ ಶಿಕ್ಷಣ ನೀಡುವ ಒಂದು ಮಹಾಪ್ರಯೋಗ ಆರಂಭವಾಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ದೂರದರ್ಶನ ಪೆಟ್ಟಿಗೆಗಳನ್ನು ಇರಿಸಲಾಯಿತು. ಕರ್ನಾಟಕದಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಇದಕ್ಕೆ ಸೇರಿದ್ದವು. ಬೆಳಗಿನ ವೇಳೆ ಶಾಲೆಯ ಮಕ್ಕಳಿಗೆ ಪಾಠ, ಸಂಜೆ ಊರವರಿಗೆ ಬೇಸಾಯ, ಆರೋಗ್ಯ ಮೊದಲಾದ ವಿಷಯಗಳು. ಪ್ರಯೋಗವೇನೋ ಹಿರಿದಾದುದೇ. ಆದರೆ ಉಪಗ್ರಹವು ಅಮೆರಿಕದಿಂದ ಒಂದು ವರ್ಷದ ಮಟ್ಟಿಗೆ ಎರವಲು ಪಡೆದದ್ದು. 1976ರ ಜುಲೈ 31ಕ್ಕೆ ಅವಧಿ ಮುಗಿಯಿತು. ಉಪಗ್ರಹವು ಬೇರೆಡೆಗೆ ಸರಿಯಿತು. ಅನಂತರ 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ನಿರ್ಮಿಸಿದ ಭಾರತದ ಸ್ವಂತ ಉಪಗ್ರಹ ಎಜುಸ್ಯಾಟ್ ಮೇಲೇರಿತು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳು ಅದರ ಪಾಠಗಳನ್ನು ಪಡೆದವು. 2010ರಲ್ಲಿ ಅದರ ಆಯುಷ್ಯವೂ ತೀರಿತು. ಯಂತ್ರಕ್ಕೆ ಆಯುಷ್ಯವಿರುವುದು ಸಹಜ. ಯಂತ್ರದೊಡನೆ ಪಾಠವೂ ಹೊರಟುಹೋಗುವುದು ಮಾತ್ರ ಸಹಜವಲ್ಲ.

ಗಣಕಯಂತ್ರದ ವಿಷಯದಲ್ಲಿಯೂ ಹೆಚ್ಚು ಕಡಿಮೆ ಹೀಗೆಯೇ ನಡೆಯಿತು. 2001ರ ಸುಮಾರಿಗೆ ಕರ್ನಾಟಕ ಸರ್ಕಾರವು ‘ಮಾಹಿತಿ ಸಿಂಧು’ ಎಂಬ ಯೋಜನೆಯ ಮೂಲಕ ಒಂದು ಸಾವಿರ ಸರ್ಕಾರಿ ಪ್ರೌಢಶಾಲೆಗಳಿಗೆ ಗಣಕಯಂತ್ರಗಳನ್ನು ಒದಗಿಸಿತು. ಹಳ್ಳಿಯ ಮಗುವೂ ಗಣಕಯಂತ್ರವನ್ನು ಮುಟ್ಟುವಂತಾದುದು ಸಣ್ಣ ಸಾಧನೆಯಲ್ಲ. ಆದರೆ ಯಂತ್ರದೊಡನೆ ಬೋಧಕರನ್ನೂ ಹೊರಗಿನ ಸಂಸ್ಥೆಗಳು ಒದಗಿಸಿದವು. ಗಣಿತ, ವಿಜ್ಞಾನಗಳನ್ನು ಕಲಿಸುವ ಅಧ್ಯಾಪಕರು ಒಂದು ಕೊಠಡಿಯಲ್ಲಿ. ಗಣಕಯಂತ್ರವನ್ನು ಕಲಿಸುವವರು ಇನ್ನೊಂದು ಕೊಠಡಿಯಲ್ಲಿ. ಮಕ್ಕಳು ಯಂತ್ರವನ್ನು ತೆರೆಯುವುದನ್ನೂ ಮುಚ್ಚುವುದನ್ನೂ ಅದರ ಭಾಗಗಳ ಹೆಸರನ್ನೂ ಕಲಿತರು. ಯಂತ್ರದಿಂದ ಗಣಿತವನ್ನು ಕಲಿಯುವುದು ಹಿಂದೆ ಬಿದ್ದಿತು. ಒಪ್ಪಂದ ಮುಗಿದಾಗ ಬೋಧಕರು ಹೊರಟರು. ಉಳಿದ ಯಂತ್ರವು ಪ್ರಶ್ನೆಪತ್ರಿಕೆಯನ್ನೂ ಅಂಕಪಟ್ಟಿಯನ್ನೂ ಬೆರಳಚ್ಚು ಮಾಡುವ ಕೆಲಸಕ್ಕೆ ಮೀಸಲಾಗುವುದು ಇಂಥ ಸ್ಥಿತಿಯಲ್ಲಿ ಅಚ್ಚರಿಯಲ್ಲ. ಯಂತ್ರವನ್ನು ಪ್ರತ್ಯೇಕ ವಿಷಯವನ್ನಾಗಿ ಮಾಡಿದುದೇ ಇಲ್ಲಿ ನಡೆದ ದೊಡ್ಡ ತಪ್ಪು. ಕೋನಮಾಪಕವನ್ನು ಕಲಿಸುವುದಕ್ಕೆ ಯಾವ ಶಾಲೆಯೂ ಬೇರೆ ಉಪಾಧ್ಯಾಯರನ್ನು ನೇಮಿಸಿಲ್ಲ.

2011ರ ನಂತರ ಇನ್ನೊಂದು ದಾರಿ ತೆರೆಯಿತು. ರಾಜ್ಯದ ಶಿಕ್ಷಣ ಇಲಾಖೆಯು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯ ನೆರವಿನಿಂದ ‘ವಿಷಯ ಶಿಕ್ಷಕರ ವೇದಿಕೆ’ ಎಂಬ ಕಾರ್ಯಕ್ರಮವನ್ನು ನಡೆಸಿತು. ಗಣಿತ, ವಿಜ್ಞಾನ, ಸಮಾಜವಿಜ್ಞಾನಗಳ ಅಧ್ಯಾಪಕರೇ ಯಂತ್ರದ ಮುಂದೆ ಕುಳಿತು, ತಮ್ಮ ತಮ್ಮ ಪಾಠಗಳಿಗೆ ಬೇಕಾದುದನ್ನು ತಾವೇ ಸಿದ್ಧಪಡಿಸಲು ಕಲಿತರು. ಬೆಲೆ ಕೊಡದೆ ಬಳಸಬಹುದಾದ ತಂತ್ರಾಂಶಗಳನ್ನು ಅವರು ಆರಿಸಿಕೊಂಡರು. ತಾವು ಮಾಡಿದ ಪಾಠಗಳನ್ನು ಇತರರಿಗೂ ದೊರೆಯುವಂತೆ ಕನ್ನಡದಲ್ಲಿಯೇ ಇರಿಸಿದರು. ಬಿಳಿಯ ಕೂದಲಿನ ಅಧ್ಯಾಪಕರು ಮತ್ತೆ ವಿದ್ಯಾರ್ಥಿಗಳಾದುದು ಈ ಕಾರ್ಯಕ್ರಮದ ಸೊಗಸು.

ಈ ಬಗೆಯ ಸಿದ್ಧತೆಯಿಂದ ತರಗತಿಯಲ್ಲಿ ಏನಾಗುತ್ತದೆ ಎಂಬುದಕ್ಕೆ ತ್ರಿಭುಜವೊಂದೇ ಸಾಕಾದ ನಿದರ್ಶನ. ತ್ರಿಭುಜದ ಮೂರು ಕೋನಗಳ ಮೊತ್ತ 180 ಡಿಗ್ರಿ ಎಂಬುದು ವಿದ್ಯಾರ್ಥಿಗಳಿಗೆಲ್ಲ ತಿಳಿದಿದೆ. ಕೋನಮಾಪಕದಿಂದ ಅಳೆದಾಗ ಒಬ್ಬನಿಗೆ 178 ಬರುತ್ತದೆ, ಇನ್ನೊಬ್ಬಳಿಗೆ 181 ಬರುತ್ತದೆ. ಮೂರನೆಯವನು ಪುಸ್ತಕದ ಉತ್ತರವನ್ನು ಮೊದಲೇ ನೋಡಿಕೊಂಡು 180 ಎಂದೇ ಬರೆದುಬಿಡುತ್ತಾನೆ. ಜಿಯೊಜೀಬ್ರಾ ಎಂಬ ತಂತ್ರಾಂಶವನ್ನು ಆಸ್ಟ್ರಿಯಾ ದೇಶದ ಮಾರ್ಕಸ್ ಹೋಹೆನ್‌ವಾರ್ಟರ್ ಎಂಬವರು 2001ರಲ್ಲಿ ಸಾಲ್ಜ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದಾಗ ರೂಪಿಸತೊಡಗಿದರು. ಅದರಲ್ಲಿ ತ್ರಿಭುಜದ ಒಂದು ಶೃಂಗವನ್ನು ಹಿಡಿದು ಎಳೆದರೆ ಮೂರು ಕೋನಗಳೂ ಬದಲಾಗುತ್ತ ಹೋಗುತ್ತವೆ, ಮೊತ್ತ ಮಾತ್ರ ಅಲುಗುವುದಿಲ್ಲ. ಕ್ಷಣಮಾತ್ರದಲ್ಲಿ ನೂರು ತ್ರಿಭುಜಗಳು ಕಣ್ಣ ಮುಂದೆ ಹಾದುಹೋಗುತ್ತವೆ. ಕಪ್ಪುಹಲಗೆ ಇದನ್ನು ತೋರಿಸಲಾರದು.

ಆದರೆ ಇಲ್ಲಿಯೇ ನಿಜವಾದ ಅಧ್ಯಾಪಕನ ಕೆಲಸ ಆರಂಭವಾಗುತ್ತದೆ. ನೂರು ತ್ರಿಭುಜಗಳಲ್ಲಿ ಕಂಡುದು ನೂರೊಂದನೆಯದರಲ್ಲಿಯೂ ಇದ್ದೇ ಇರುತ್ತದೆಂದು ಹೇಗೆ ನಂಬುವುದು? ಎಷ್ಟು ಸಲ ನೋಡಿದರೂ ನೋಡುವುದು ಸಾಧನೆಯಾಗಲಾರದು. ಒಂದು ಶೃಂಗದ ಮೂಲಕ ಎದುರಿನ ಬಾಹುವಿಗೆ ಸಮಾಂತರ ರೇಖೆಯನ್ನು ಎಳೆಯಬೇಕು. ಪರ್ಯಾಯ ಕೋನಗಳು ಸಮವೆಂಬುದನ್ನು ನೆನೆಯಬೇಕು. ಆಗ ಮೂರು ಕೋನಗಳೂ ಒಂದೇ ಸರಳರೇಖೆಯ ಮೇಲೆ ಬಂದು ಕೂಡುತ್ತವೆ. ಇದಕ್ಕೆ ಸೀಮೆಸುಣ್ಣವೇ ಸಾಕು. ಯಂತ್ರವನ್ನು ಎಲ್ಲಿ ನಿಲ್ಲಿಸಬೇಕು, ಹಲಗೆಗೆ ಯಾವಾಗ ಮರಳಬೇಕು ಎಂಬ ಅರಿವು ಗಣಿತವನ್ನು ಬಲ್ಲವರಿಗೆ ಮಾತ್ರ ಇರುತ್ತದೆ. ಯಂತ್ರವನ್ನಷ್ಟೇ ಬಲ್ಲವರಿಗೆ ಇರುವುದಿಲ್ಲ.

ಭೂಗೋಳದ ಪಾಠಕ್ಕೂ ಈ ಮಾತು ಸಲ್ಲುತ್ತದೆ. ಇಸ್ರೋ ಸಂಸ್ಥೆಯು 2009ರಲ್ಲಿ ‘ಭುವನ್’ ಎಂಬ ಹೆಸರಿನಲ್ಲಿ ಉಪಗ್ರಹಚಿತ್ರಗಳನ್ನು ಜನರ ಬಳಕೆಗೆ ತೆರೆಯಿತು. ಅದರಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಕಣ್ಣು ಹಾಯಿಸಿದರೆ ಕಾಡಿನ ಹಸಿರು ಕಳೆದು ಬಯಲಿನ ಬೂದು ಬಣ್ಣ ತಲೆದೋರುತ್ತದೆ. ನಡುವೆ ಅಯ್ಯನಕೆರೆ, ಮದಗದಕೆರೆಗಳು ಕಾಣುತ್ತವೆ. ಮಳೆಯ ಮೋಡಗಳು ಬೆಟ್ಟದ ಸಾಲಿನಲ್ಲಿ ನೀರನ್ನು ಸುರಿದು ಬರಿದಾಗಿ ಬರುವುದರಿಂದ ಕಡೂರಿನ ಬಯಲು ಮಳೆನೆರಳಿನಲ್ಲಿದೆ ಎಂಬ ವಾಕ್ಯವನ್ನು ಉರು ಹೊಡೆಯುವುದೇ ಬೇರೆ, ತನ್ನೂರಿನ ಕೆರೆಯನ್ನು ಆಕಾಶದಿಂದ ಕಂಡು ಅದು ತುಂಬದಿರುವುದೇಕೆಂದು ಕೇಳುವುದೇ ಬೇರೆ. ಆ ಪ್ರಶ್ನೆಗೆ ಉತ್ತರ ಹೇಳಲು ಮಕ್ಕಳ ಊರನ್ನು ಬಲ್ಲ ಅಧ್ಯಾಪಕರೇ ಬೇಕು.

ಯಂತ್ರವೇ ಎಲ್ಲವನ್ನೂ ಕಲಿಸುವುದೆಂಬ ನಂಬಿಕೆಗೆ 2020ರಲ್ಲಿ ಕಠಿನವಾದ ಪರೀಕ್ಷೆ ಒದಗಿತು. ಕೊರೋನಾ ವ್ಯಾಧಿಯಿಂದ ಶಾಲೆಗಳು ಮುಚ್ಚಿದವು. ಚಂದನ ವಾಹಿನಿಯಲ್ಲಿ ಪಾಠಗಳು ಪ್ರಸಾರವಾದವು; ಅವುಗಳಿಂದ ಪ್ರಯೋಜನವೂ ಆಯಿತು. ಆದರೆ ಎಲ್ಲ ಮಕ್ಕಳ ಮನೆಯಲ್ಲಿಯೂ ಯಂತ್ರವಿರಲಿಲ್ಲ; ಇದ್ದೆಡೆಯಲ್ಲಿಯೂ ಸಂದೇಹವನ್ನು ಕೇಳಲು ಎದುರಿಗೆ ಯಾರೂ ಇರಲಿಲ್ಲ. ಆ ವರ್ಷದ ಆಗಸ್ಟಿನಲ್ಲಿ ಆರಂಭವಾದ ‘ವಿದ್ಯಾಗಮ’ ಕಾರ್ಯಕ್ರಮದಲ್ಲಿ ಅಧ್ಯಾಪಕರೇ ಊರೂರಿಗೆ ಹೋಗಿ, ಗುಡಿಯ ಜಗಲಿಯಲ್ಲಿ, ಮರದ ನೆರಳಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಪಾಠ ಹೇಳಬೇಕಾಯಿತು.

ಹಾಗೆಂದ ಮಾತ್ರಕ್ಕೆ ಯಂತ್ರವು ಬೇಡವೆಂದು ವಾದಿಸುವುದು ಸರಿಯಲ್ಲ. ಅದು ಹಳ್ಳಿಯ ಮಗುವಿಗೆ ಮಾಡುವ ಅನ್ಯಾಯವೇ ಸರಿ. ಬೇಕಾಗಿರುವುದು ಯಂತ್ರಕ್ಕೆ ತೆರುವ ಹಣದ ಜೊತೆಗೆ ಅಧ್ಯಾಪಕರ ಸಿದ್ಧತೆಗೆ ಸಲ್ಲಬೇಕಾದ ವೇಳೆ. ಒಂದು ಅವಧಿಯ ಪಾಠಕ್ಕೆ ಚಿತ್ರಗಳನ್ನು ರಚಿಸಿ ಪರೀಕ್ಷಿಸಲು ಗಂಟೆಗಟ್ಟಲೆ ಹಿಡಿಯುತ್ತದೆ. ಪಾಠ ಹೇಳುವುದು, ಉತ್ತರಪತ್ರಿಕೆ ತಿದ್ದುವುದು, ಲೆಕ್ಕಪತ್ರ ಬರೆಯುವುದು ಇವೆಲ್ಲ ಮುಗಿದ ಮೇಲೆ ಈ ಕೆಲಸವು ರಾತ್ರಿಯ ಪಾಲಾಗುತ್ತದೆ. ವಾರಕ್ಕೆ ಎರಡು ಅವಧಿಗಳನ್ನಾದರೂ ವೇಳಾಪಟ್ಟಿಯಲ್ಲಿ ಇದಕ್ಕೆ ಮೀಸಲಿಡುವುದು ನ್ಯಾಯ. ಅಧ್ಯಾಪಕರು ವರ್ಗವಾಗಿ ಹೊರಡುವಾಗ ಬೀರುವಿನ ಬೀಗದಕೈಯನ್ನೂ ದಾಸ್ತಾನು ಪುಸ್ತಕವನ್ನೂ ಒಪ್ಪಿಸಿ ಸಹಿ ಪಡೆಯುತ್ತಾರೆ. ತಾವು ಸಿದ್ಧಪಡಿಸಿದ ಪಾಠಗಳ ಪ್ರತಿಯನ್ನೂ ಅವುಗಳೊಡನೆ ಒಪ್ಪಿಸುವ ಪದ್ಧತಿಯನ್ನು ಯಾವ ಶಾಲೆಯಾದರೂ ಈ ವರ್ಷವೇ ಆರಂಭಿಸಬಹುದು.